ಕರೆಂಟಿನ ಶ್ರುತಿ

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ
ಕವುಚಿ ಹಾಕಿದ ಹಳೆ ದೋಣಿಗೆ ಬೆನ್ನು ಕೊಟ್ಟು
ನಾವು ಕೂರುತ್ತೇವೆ ಐತವಾರ ಸಂಜೆ:
ಶಾವೇರ್, ಜುಜೆ ಸಿದ್ದಿ, ಹೆಸ್ಕಾಂ ಲೈನ್‌ಮನ್ ನಾನು.
ಮೂರು ಬೇಸ್ ಗಿಟಾರು, ಒಂದೇ ಆಂಪ್ಲಿಫೈಯರು.
ಮೂವರೂ ಬೇಸೇ ಆದರೆ ಹಾಡುವವರು ಯಾರು
ಅಂತ ಕೇಳಿದ ಚಾ ಅಂಗಡಿಯ ಪುರ್ಸು
ಉತ್ತರಕ್ಕೆ ಕಾಯದೆ ಗ್ಲಾಸು ತೊಳೆಯಲು ಹೋದ.

ಮೊದಲು ಮಾತು ತುಕ್ಕಿನದು.
ಈ ಉಪ್ಪುಗಾಳಿಗೆ ತಂತಿ ಮೂರು ತಿಂಗಳು ಬಾಳಿದರೆ ಹೆಚ್ಚು,
ಹೊಸ ಸೆಟ್ಟಿಗೆ ಎರಡೂವರೆ ಸಾವಿರ.
ವಿನೆಗರ್ ಹಾಕಿ ಹತ್ತು ನಿಮಿಷ ಕುದಿಸು, ಅಂದಿದ್ದ ಶಾವೇರ್,
ಸತ್ತ ತಂತಿ ಎದ್ದು ಕೂರುತ್ತದೆ.
ಕುದಿಸಿದೆ. ಎದ್ದದ್ದು ನಿಜ.
ಆದರೆ ಮರುದಿನದ ಸಾರಿನಲ್ಲಿ ನಿಕ್ಕಲ್ಲಿನ ರುಚಿ ಹಿಡಿದವಳು
ಆ ಪಾತ್ರೆಯನ್ನೇ ನನ್ನೆದುರು ಕುಕ್ಕಿ
"ಇದನ್ನೂ ಬಾರಿಸು" ಅಂದಳು.
ಬಾರಿಸಿ ನೋಡಿದೆ.
ಸುಮಾರು ಎಫ್ ಶಾರ್ಪು.

ಜುಜೆ ತಂತಿ ಕುದಿಸುವವನಲ್ಲ, ಬದಲಿಸುವವನೂ ಅಲ್ಲ.
ಯಲ್ಲಾಪುರದ ಕಡೆಯಿಂದ ಬಂದು ಬಂದರಿನಲ್ಲಿ ಐಸು ಒಡೆಯುತ್ತಾನೆ;
ಕೆಲಸ ಬಿಟ್ಟ ಮೇಲೂ ಅರ್ಧ ಗಂಟೆ
ಬೆರಳು ತನ್ನವಲ್ಲವಂತೆ.
ಹನ್ನೊಂದು ವರ್ಷದ ತಂತಿ, ಮೀಟಿದರೆ ಧಪ್,
ತೆಂಗಿನಕಾಯಿ ಮರಳಿಗೆ ಬಿದ್ದ ಹಾಗೆ.
"ನಾದ ಉದ್ದ ಇರಬಾರದು ಮಾರಾಯಾ,
ನೆಂಟ ಚಾ ಕುಡಿದು ಎದ್ದ ಹಾಗಿರಬೇಕು."
ಶಾವೇರನಿಗೆ ಬೇಕಾದ್ದು ಇಸವಾಣದ ತುಂಡು,
ದುಂಡಗೆ, ನಡುವೆ ಒಂದೇ ಮುಳ್ಳು.
ನನಗೆ ತಾರ್ಲಿ; ಸಣ್ಣ ಮುಳ್ಳೆಲ್ಲ ನಾಲಗೆಗೆ ಸಿಗಬೇಕು.
ಈ ಜಗಳ ಮುಗಿಯುವುದು
ಯಾರಿಗಾದರೂ ಹಸಿವಾದಾಗ.

ಶ್ರುತಿಗೆ ನಮಗೆ ಟ್ಯೂನರು ಬೇಡ.
ಗೋಡೆಯಾಚೆ ಕಂಪ್ರೆಸರು, ಕಂಬದ ಮೇಲೆ ಟ್ರಾನ್ಸ್‌ಫಾರ್ಮರು,
ಈ ದೇಶದ ಕರೆಂಟೆಲ್ಲ ಗುನುಗುವುದು ಜಿಯಲ್ಲಿ,
ಕೂದಲೆಳೆಯಷ್ಟು ಮೇಲೆ.
ಕಿರಿಯ ತಂತಿಯನ್ನು ಅದಕ್ಕೆ ಕೂಡಿಸಿ
ಉಳಿದವನ್ನು ಅದರ ಹಿಂದೆ ಕಳಿಸುತ್ತೇವೆ.
ಸದಾಶಿವಗಡದ ಮದುವೆಯಲ್ಲಿ ಕೀಬೋರ್ಡಿನ ಹುಡುಗ
"ಅಂಕಲ್, ನೀವು ಶಾರ್ಪ್" ಅಂದದ್ದಕ್ಕೆ
ಶಾವೇರ್ ಹೇಳಿದ: "ನಾವಲ್ಲ ಮಗಾ, ಕೈಗಾ."

ಮೊನ್ನೆ ಅವನೇ ಆಂಪು ಮಾರುವ ಮಾತೆತ್ತಿದ.
ಮಗಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು, ಹಾಸ್ಟೆಲ್ಲು ಬೇರೆ.
ಹದಿನೈದಿಂಚಿನ ಸ್ಪೀಕರು,
ಮಡಗಾಂವದಲ್ಲಿ ಕಾಯಿಲ್ ಸುತ್ತಿಸಿ ಬಸ್ಸಿನಲ್ಲಿ ತರುವಾಗ
ಕಂಡಕ್ಟರ್ ಅದಕ್ಕೂ ಪೂರಾ ಟಿಕೆಟ್ ಹರಿದಿದ್ದ.
ನಾವಿಬ್ಬರೂ ಏನೂ ಅನ್ನಲಿಲ್ಲ.
ಜುಜೆ ಒಂದು ನಾಬು ತಿರುಗಿಸಿದ,
ಮತ್ತೆ ಇದ್ದಲ್ಲಿಗೇ ತಂದ.

ಆಗಲೇ ಕರೆಂಟು ಹೋಯಿತು.
ಕಂಪ್ರೆಸರು ನಿಂತಿತು. ಸಮುದ್ರ ಒಮ್ಮೆಲೇ ಹತ್ತಿರ ಬಂತು.
ಕತ್ತಲಲ್ಲಿ ಜುಜೆ ಗಿಟಾರಿನ ಕೊಂಬನ್ನು
ದೋಣಿಯ ಹಲಗೆಗೆ ಒತ್ತಿ ಹಿಡಿದು
ಮೀಟಿದ.
ನನ್ನ ಬೆನ್ನಿಗೆ ಮೊದಲು ಕೇಳಿತು, ಕಿವಿಗೆ ಆಮೇಲೆ.
ಇಷ್ಟು ದಿನ ಒರಗಿ ಕೂತದ್ದು ಸ್ಪೀಕರಿಗೆ!
ಶಾವೇರ್ ಆಚೆ ಬದಿಗೆ ಹೋಗಿ
ಹಲಗೆಗೆ ಕೆನ್ನೆ ಹಚ್ಚಿದ.
ಎಷ್ಟು ಹೊತ್ತಾದರೂ ತೆಗೆಯಲಿಲ್ಲ.

ನನ್ನ ಫೋನು ಹೊಡೆದುಕೊಳ್ಳತೊಡಗಿತು,
ಕೋಡಿಬಾಗ, ಕಾಜುಬಾಗ, ಐಸಿನ ಮಾಲಕ.
ಇಕ್ಕಳ, ಕೈಗವಸು, ಏಣಿ.
ಫ್ಯೂಸಿಗೆ ತಂತಿ ಸುತ್ತುತ್ತ ಅಂದುಕೊಂಡೆ,
ಇದಕ್ಕೆ ಯಾರೂ ಎರಡೂವರೆ ಸಾವಿರ ಕೇಳುವುದಿಲ್ಲ.
ಹಾಕಿದೆ. ಕೆಳಗೆ ಆಂಪು ಕೆಮ್ಮಿ ಎದ್ದಿತು.
ಟ್ರಾನ್ಸ್‌ಫಾರ್ಮರು ಗುನುಗಿತು, ಕೂದಲೆಳೆಯಷ್ಟು ಮೇಲೆ,
ಯಾರೋ ಬಿರಡೆ ತಿರುಗಿಸುತ್ತ
ಅದನ್ನು ಹುಡುಕುತ್ತಿದ್ದರು,
ಇನ್ನೂ ಸ್ವಲ್ಪ, ಇನ್ನೂ ಒಂಚೂರು,
ಸಿಕ್ಕಿತು ಅನ್ನುವಷ್ಟರಲ್ಲಿ
ಮೀನಿನ ಲಾರಿಯೊಂದು ಹಾರ್ನು ಹೊಡೆಯಿತು.