ಫರಸಿಯವನ ಕಿವಿ

ಬೆನ್ನಿಗೆ ಒಂದು ಸೂಜಿ,
ಟೊಂಕದ ಕೆಳಗ ನಾ ಯಾರದೋ ಸಾಮಾನು.
ಎದಿ ಮುಂದ ಹಸರು ಪರದೆ.
ಪರದೆ ಆಚೆ ಸುತ್ತಿಗಿ.

ಬಾಂಬೋಳಿ ದವಾಖಾನಿ, ಮಂಗಳವಾರ, ಏಸಿ ಥಂಡಿ.
ಡಾಕ್ಟರ್ ಕುಡ್ತರ್ಕರ್ ಕೊಂಕಣಿಯೊಳಗ ನಂಬರು ಹೇಳ್ತಾರ,
ಯಾರೋ ಏನೋ ಕೊಡ್ತಾರ,
ಮತ್ತ ಸುತ್ತಿಗಿ. ಮಂಚ ಹಾರತೈತಿ, ಹಲ್ಲು ಕಟಕಟ.
ನೋವಿಲ್ಲ. ಸಪ್ಪಳ ಅಷ್ಟ.

ಸಪ್ಪಳ ನನಗ ಗೊತ್ತು.
ವಾಸ್ಕೋ, ಮಡಗಾಂವ, ಪೋರ್ವರಿ, ಇಪ್ಪತ್ತಾರು ವರ್ಸ
ಕುಕ್ಕರಗಾಲಾಗ ಕುಂತು, ಹಿಂದಕ್ಕ ಹಿಂದಕ್ಕ ಸರಕೋಂತ
ಮಂದಿ ಮನಿ ತುಂಬ ಹೊಳಪು ಹಾಸೀನಿ.
ಕಡೀಕ ಬಾಗಲಾ ದಾಟಿ ಹೊರಗ ಬಂದ್ರ ಮುಗೀತು,
ಆಮ್ಯಾಲ ಒಳಗ ಹೋಗಂಗಿಲ್ಲ.
ಒಂದೊಂದು ಫರಸಿಗೂ ಕರಣಿ ಹಿಡಿಕಿಯಿಂದ ಎರಡೇಟು.
ಟಕ್ ಅಂದ್ರ ಕುಂತೈತಿ.
ಟೊಳ್ ಅಂದ್ರ ಕೆಳಗ ಗಾಳಿ,
ಇವತ್ತಲ್ಲ ನಾಳಿಗೆ ಯಾರದೋ ಹಿಮ್ಮಡಕ್ಕ ಒಡೀತೈತಿ.

ಹತ್ತು ದಿನದ ಹಿಂದ ಅದನ್ನ ನನ್ನ ಅಂಗೈಯಾಗ ಇಟ್ಟಿದ್ರು:
ತಿಳಿಗುಲಾಬಿ ಗುಂಡು, ನಿಂಬಿಹಣ್ಣಿನಷ್ಟು.
ಇದು ಸಿರಾಮಿಕ್, ಅಂತ ಬಿಡಿಸಿ ಹೇಳಾಕ ಹೊಂಟ್ರು.
ನಕ್ನಿ. ನನಗ ಸಿರಾಮಿಕ್ ಹೇಳಿಕೊಡ್ತೀರೇನ್ರಿ?
ಉಗುರಿನಿಂದ ಬಡದು ಕಿವಿಗೆ ಹಿಡದ್ನಿ.
ಛಲೋ ಸುಟ್ಟ ಮಾಲು.
ಒಡದ್ರ?
ಭಾಳ ಅಪರೂಪ, ಅಂದ್ರು.
ನಮ್ಮ ಕಡೆ ಡಬ್ಬಿಗೊಂದು ಒಡದಿರತೈತಿ ಸಾಹೇಬ್ರ,
ಅಂಗಡಿಯವ ವಾಪಸ ತಗೊಳ್ಳಂಗಿಲ್ಲ.
ಅವರು ನಗಲಿಲ್ಲ. ಎಕ್ಸರೇ ಬೆಳಕಿಗೆ ಹಿಡದು
ನನ್ನ ಎಲುಬು ತೋರಿಸಿದ್ರು: ನೀರು ಕುಡದ ಸುಣ್ಣದ ಗೋಡಿ.
ರಕ್ತ ಮುಟ್ಟದ ಒಣಗಿ ಕುಸದೈತಿ.
ನಲವತ್ನಾಕು ನಿನಗ, ಇನ್ನೂ ಭಾಳ ನಡೀಬೇಕು,
ಅದಕ್ಕ ಇದು, ಬೇಗ ಸವೆಯೂದಿಲ್ಲ.
ಆಮ್ಯಾಲ, ಕಾಗದ ನೋಡ್ಕೋಂತ, ಮೆಲ್ಲಕ:
ಕುಕ್ಕರಗಾಲಾಗ ಮಾತ್ರ ಇನ್ನ ಕುಂದ್ರಬ್ಯಾಡ.

ಹೊರಗ ಬೆಂಚಿನ ಮ್ಯಾಲ ಶೇಖವ್ವ ಕೇಳಿದ್ಲು, ಏನಂದ್ರು?
ನಡೀಬೇಕಂತ, ಅಂದ್ನಿ.

ಈಗ ಪರದೆ ಆಚೆ ಏಟು. ಟೊಳ್.
ಮತ್ತೊಂದು. ಟೊಳ್.
ಅಂಚಿಗೆ ಹೊಡೀರಿ, ಅಂಚಿಗೆ, ಅನ್ನಬೇಕಂತೀನಿ,
ನಾಲಿಗಿ ಒಣಗೇತಿ.
ಮತ್ತೊಂದು, ಮತ್ತೊಂದು, ಸಪ್ಪಳ ತೆಳ್ಳಗಾತು, ಬಿಗೀತು,
ಟಕ್.
ಬಾಯಿಂದ ತಾನ ಬಂತು: ಕುಂತಿತ್ರೀ.
ಅಲ್ಲಿ ಯಾರಿಗೂ ಕನ್ನಡ ಬರ್ತಿರಲಿಲ್ಲ.
ಸುತ್ತಿಗಿ ನಿಂತಿತು.
ಅದ ಉಸುರಿನಾಗ ಡಾಕ್ಟರೂ ಅಂದಿದ್ರು: ಬಸ್ಲೆಂ.

ಮೂರನೇ ದಿನ ವಾಕರ್ ಕೊಟ್ಟು ಎಬ್ಬಿಸಿದ್ರು.
ಸಿಸ್ಟರ್ ಎಸ್ಪೆರಾನ್ಸ ಒಂದು ಕಡೆ, ಶೇಖವ್ವ ಒಂದು ಕಡೆ.
ಟಕ್. ಹೆಜ್ಜಿ. ಟಕ್. ಹೆಜ್ಜಿ.
ಹದಿನಾಲ್ಕನೇ ಮಂಚ ದಾಟಿ ಕಿಟಕಿ ಕಡೆ ಹೊಳ್ಳಿದಾಗ
ವಾಕರಿನ ಎಡಗಾಲು: ಟೊಳ್.
ನಿಂತ್ನಿ. ಎತ್ತಿ ಮತ್ತ ಇಟ್ನಿ. ಟೊಳ್.
ನೋವೇನು? ಸಿಸ್ಟರ್ ಕೇಳಿದ್ಲು.
ನಂದಲ್ಲ, ಈ ಫರಸಿದು. ಯಾರೋ ಅವಸರ ಮಾಡ್ಯಾರ.
ಬಗ್ಗಾಕ ಹೋದ್ನಿ, ಇಬ್ಬರೂ ಕೂಡೆ ತೋಳು ಹಿಡದ್ರು.
ಮ್ಯಾಲಿಂದ ನೋಡಿದ್ನಿ ಅದನ್ನ, ನಿಂತು,
ಮನಿ ಮಾಲಕರು ನೋಡೂ ಹಂಗ.
ಭಾಳ ದೂರ ಇತ್ತು ನೆಲ.

ಶೇಖವ್ವ ಸೆರಗು ಸಿಗಿಸಿ ಕುಕ್ಕರಗಾಲಾಗ ಕುಂತ್ಲು.
ಇಷ್ಟು ವರ್ಸ ಬುಟ್ಟಿ ತುಂಬ ಮಾಲು ತಂದು ಸುರಿದು
ನನ್ನ ಹಿಂದ ಸುಮ್ಮನ ನಿಂದ್ರತಿದ್ದಾಕಿ.
ಬೆರಳ ಗೆಣ್ಣಿನಿಂದ ಬಡದ್ಲು, ತಲಿ ವಾಲಿಸಿ ಕೇಳಿದ್ಲು,
ಇನ್ನೊಂದು ಕಡೆ ಬಡದ್ಲು.
ಪೂರಾ ಅಲ್ರೀ, ಅಂದ್ಲು,
ಎಡ ಮೂಲಿ ಅಷ್ಟ.