ಲೈನಿನ ಒಲೆ

ಟೇಪು ಇರಲಿಲ್ಲ.
ಟ್ರೇಲರಿನ ಮೂತಿಯಲ್ಲಿ, ಹುಕ್ಕಿನ ಹಿಂದೆ,
ಜಾಕು, ಗ್ರೀಸು ಡಬ್ಬ, ಹಳೇ ಗೋಣಿ ಕಳೆದು
ಎಷ್ಟು ಜಾಗ ಉಳಿಯಿತೋ ಅಷ್ಟಕ್ಕೆ ಸರಿಯಾಗಿ
ಒಂದು ಜಲ್ಲೆ ಕತ್ತರಿಸಿಕೊಂಡು
ಮಂಡ್ಯಕ್ಕೆ ಬಂದೆವು ಮೂವರು:
ನಾನು, ಬೋರಲಿಂಗ, ಕೊಪ್ಪಲಿನ ಮರಿಮಾದ.
ಉದ್ದ ಐದು ಗೆಣ್ಣು.
ಅಗಲ ಮೂರೂವರೆ; ಅಲ್ಲಿಗೊಂದು ಉಗುರಿನ ಗೀರು.

ಪೇಟೆಬೀದಿಯ ಅಂಗಡಿ. ಗಲ್ಲಾದಲ್ಲಿ ಭವರ್‌ಲಾಲರ ಮಗಳು,
ನಮಗಿಂತ ಚೆಂದಾಗಿ ನಮ್ಮ ಮಾತಾಡುವವಳು.
"ಬಲಮುರೀಗಾ ಅಣ್ಣ? ಎಷ್ಟ್ ಜನ ಓಯ್ತಿದ್ದೀರಿ?"
"ಫ್ಯಾಕ್ಟ್ರಿ ಲೈನಿಗೆ ಕಣವ್ವ," ಅಂದ ಬೋರಲಿಂಗ,
"ಎಷ್ಟ್ ಜನ ಅಂತ ಹಿಂದಕ್ಕೆ ತಿರುಗಿ ಎಣಿಸ್ಬೇಕು."

ಒಂದೊಂದೇ ಇಳಿಸಿದಳು.
ಮೊದಲನೆಯದು ಸೂಟ್‌ಕೇಸಿನಂತೆ ಮಡಚುವುದು, ಕೆಂಪು,
ಮುಚ್ಚಳದ ಮೇಲೊಂದು ಗಡಿಯಾರ,
ಹೊತ್ತಲ್ಲ, ಬಿಸಿ ತೋರಿಸುತ್ತಂತೆ.
ಮರಿಮಾದ ಎತ್ತಿದ, ಇಳಿಸಿದ:
"ಇದ ಹೊರಾಕೆ ಇನ್ನೊಂದ್ ಆಳು ಬೇಕು."
ಎರಡನೆಯದಕ್ಕೆ ಮಿಡತೆಯ ಕಾಲು.
ಮೂರನೆಯದರ ಗ್ಯಾಸು ಸೊಳ್ಳೆಗೆ ಹೊಡೆಯುವಂಥ ಡಬ್ಬದಲ್ಲಿ,
ಒಂದೂವರೆ ಗಂಟೆ ಉರಿಯುತ್ತದೆ.
ಒಂದೂವರೆ ಗಂಟೆಯಲ್ಲಿ ನಮ್ಮ ಲೈನು
ಆಕಳಿಸಿರುವುದೂ ಇಲ್ಲ.

ಬೋರಲಿಂಗ ಬೆಲೆ ಕೇಳಲಿಲ್ಲ.
"ಹತ್ತಿಸವ್ವ" ಅಂದ.
ಟೇಬಲ್ ಫ್ಯಾನನ್ನು ಒಲೆಯ ಕಡೆ ತಿರುಗಿಸಿ
ಜೇಬಿನಿಂದ ಒಂದು ಒಣ ತರಗು ತೆಗೆದು
ಉರಿಯಿಂದ ಗೇಣು ದೂರ ಹಿಡಿದ.
ಆಮೇಲೆ ಅರ್ಧ ಗೇಣು.
ನಗುತ್ತಿದ್ದ ಹುಡುಗಿ ನಿಲ್ಲಿಸಿದಳು.

ಹೋದ ಹಂಗಾಮು, ರಾತ್ರಿ ಎರಡರ ಹೊತ್ತು,
ಮೂರು ಕಲ್ಲಿನ ನಡುವಿನಿಂದ ಎದ್ದದ್ದು
ರಾಗಿ ಕಾಳಿನಷ್ಟು ಕಿಡಿ.
ಬೋರಲಿಂಗನ ಗಾಡಿ, ಹನ್ನೆರಡು ಟನ್ನು.
ಟ್ಯಾಂಕರು ಬರುವಷ್ಟರಲ್ಲಿ ಯಾರ್ಡಿಗೆ ಯಾರ್ಡೇ
ಬೆಲ್ಲದ ವಾಸನೆ.
ಸುಟ್ಟ ಕಬ್ಬಿನ ಕಡಿತ ಬರೆಯುತ್ತ ಗುಮಾಸ್ತ
ತಲೆ ಎತ್ತದೆ ಕೇಳಿದ್ದ: ಏನಡುಗೆ ಮಾಡ್ತಿದ್ರಿ?
ಬೋಟಿ ಗೊಜ್ಜು, ಸಾರ್.
ಅದೂ ಸೀದೋಯ್ತು.

ನಾಲ್ಕನೆಯದು ಕುಳ್ಳ, ಕಪ್ಪು.
ಸುತ್ತ ತಗಡಿನ ಗೋಡೆ, ಮೇಲೆ ಬೀಡಿನ ಜಾಲರಿ,
ಕೆಳಗೆ ಕೊಬ್ಬು ಸೋರುವ ತಟ್ಟೆ,
ಐದು ಕೆಜಿ ಸಿಲಿಂಡರಿಗೆ ಮೊಳದುದ್ದ ಪೈಪು.
ತರಗು ಗಾಳಿಗೆ ಅಲ್ಲಾಡಿತು. ಹತ್ತಲಿಲ್ಲ.
ಜಲ್ಲೆ ಮಲಗಿಸಿ ನೋಡಿದೆ:
ಐದು ಗೆಣ್ಣಿಗೆ ಎರಡು ಬೆರಳು ಕಮ್ಮಿ.
ಇನ್ನೂರು ಬಿಟ್ಟಳು. ಲೈಟರು ಪುಕ್ಕಟೆ.
"ಆ ಕಬ್ಬು ಕೊಟ್ಟೋಗಣ್ಣ" ಅಂದಳು.
ಕೊಡಲಿಲ್ಲ. ಅದು ಕಬ್ಬಲ್ಲ, ಅಳತೆ.

ಟೋಕನ್ ನೂರ ಎಂಬತ್ತಾರು.
ಜಾಲರಿಯ ಮೇಲೆ ನಾಲ್ಕು ಕೋಳಿಕಾಲು.
ಮುಂದೆಲ್ಲೋ ಇಂಜಿನ್ನು ಕೆಮ್ಮಿತು, ಲೈನು ಸರಿಯಿತು,
ಆಗ ನೆನಪಾಯಿತು:
ಕಲ್ಲಿನ ಒಲೆ ಹೀಗೆ ಸರಿಯುತ್ತಿರಲಿಲ್ಲ.
ನಾವು ಬಿಟ್ಟುಹೋದ ಕೆಂಡಕ್ಕೆ ಹಿಂದಿನ ಗಾಡಿಯವನು
ತನ್ನ ಪಾತ್ರೆ ಇಡುತ್ತಿದ್ದ;
ನಾವು ಮುಂದಿನವರ ಬೆಚ್ಚಗಿನ ಕಲ್ಲಿಗೆ ಹೋಗಿ ಕೂರುತ್ತಿದ್ದೆವು.
ಯಾರ ಹೆಸರನ್ನೂ ಯಾರೂ ಕೇಳಿದ್ದಿಲ್ಲ.

ಇದನ್ನು ಆರಿಸಿಕೊಂಡೇ ಹೋಗಬೇಕು.
ತಿರುಪಿಗೆ ಕೈ ಹಾಕಿದೆ.
ಹಿಂದಿನ ಗಾಡಿಯ ಮುದುಕ,
ಪಾಂಡವಪುರದ ಕಡೆಯವನು,
ಯಾವಾಗ ಬಂದನೋ, ಜಾಲರಿಯ ಮೂಲೆಯಲ್ಲಿ
ಎರಡು ನಾಲೆ ಮೀನು ಇಟ್ಟುಬಿಟ್ಟಿದ್ದ.
"ಒಂದ್ ಮಗ್ಗುಲು ಬೆಂದದೆ ಕಣ್ ಮಗ."

ಟ್ರ್ಯಾಕ್ಟರು ಹತ್ತು ಮಾರು ಹೋಯಿತು.
ಒಲೆ ಹೋಗಲಿಲ್ಲ.

ಅರ್ಧ ಗಂಟೆಗೆ ಹೊತ್ತು ತಂದ, ಹೆಗಲಲ್ಲಿ ಸಿಲಿಂಡರು.
ಕೋಳಿಕಾಲು ಮೂರಿದ್ದವು, ಪಕ್ಕದಲ್ಲೊಂದು ಮೀನು.
ಬೋರಲಿಂಗ ಮೊದಲು ತಿರುಪು ಮುಟ್ಟಿ ನೋಡಿದ,
ಬಿಗಿಯಾಗಿತ್ತು, ಆಮೇಲೆ ತಿಂದ.

ಬೆಳಿಗ್ಗೆ ಅಳತೆಯ ಜಲ್ಲೆ ಕಾಣಲಿಲ್ಲ.
ಮುದುಕನ ಗಾಡಿಯ ಚಕ್ರದ ಬುಡದಲ್ಲಿ
ಅಗಿದುಗಿದ ಸಿಪ್ಪೆ, ಇನ್ನೂ ಹಸಿ.
ಹತ್ತು ಟನ್ನಿನ ಮೇಲೆ ಮಲಗಿದ್ದವನು
ನಮ್ಮ ಐದು ಗೆಣ್ಣನ್ನೇ ಯಾಕೆ ತಿಂದ?
ಕೇಳೋಣ ಅಂದರೆ
ಅಷ್ಟರಲ್ಲಿ ನಮ್ಮ ನಂಬರು ಕೂಗಿದರು.