ಚದರ ಮೀಟರು

ರೊಕ್ಕ ಬಂದದ್ದು ಮೊದಲು ನಾಯಿಗೆ ಗೊತ್ತಾಗ್ತೈತಿ.
ಎರ್ಮೆಲಿಂಡಾ ಬಾಯಿ ಫೋನು ಟಣ್ ಅಂದ ಕೂಡ್ಲೆ
ಕಟ್ಟಿ ಜಿಗದು ಗೇಟಿನ ತನಕ ಓಡ್ತೈತಿ,
ಯಾರೋ ಬಂದ್ರು ಅಂತ.
ಯಾರೂ ಇಲ್ಲ. ಸರಕಾರ ಬಂದು ಹೋಗಿರ್ತೈತಿ.

‘ನೀಲವ್ವಾ, ಚಶ್ಮಾ ಎಲ್ಲಿ ಇಟ್ಟೀನೋ,
ನಿನ್ನ ಮಗಳಿಗೆ ಬರಾಕ ಹೇಳು.’
ರೇಣುಕಾ ಓದ್ತಾಳ, ಮೊದಲು ಇಂಗ್ಲಿಷಿನಾಗ,
ಆಮ್ಯಾಲೆ ಬಾಯಿಗೆ ಕೊಂಕಣಿ, ನನಗ ಕನ್ನಡ.
ಮೂರು ಭಾಷೆಯಾಗೂ ಮೊತ್ತ ಅಷ್ಟಽ.

ದಿವಾಡಿಯ ಈ ಕಡೀಗೆ ಹೊಳಿ ನೀರು ಉಪ್ಪು.
ಬಾಂಧಿನ ಒಳಗ ಕೊರಗುಟ್ ಬಿತ್ತಿದ್ರ
ಉಪ್ಪು ಕುಡದೂ ತೆನಿ ಹಿಡೀತೈತಿ,
ಗದಗಿನಾಗ ಹೇಳಿದ್ರ ನಗ್ತಾರ.
ಕಲ್ಲು ಹೊರಾಕ ಅಂತ ಫೆರಿ ಹತ್ತಿ ಬಂದಾಕಿ ನಾ.
ಇಗರ್ಜಿ ಗ್ವಾಡಿ ಮುಗೀತು, ಗದ್ದಿ ಮುಗೀಲಿಲ್ಲ.
ಹದಿನೆಂಟು ಮಳಿಗಾಲ ಆತು.

ಉತಾರದಾಗ ಹದಿಮೂರು ಹೆಸರು ಅದಾವಂತ.
ಎಂಟು ಮಂದಿ ಅದಽ ಇಗರ್ಜಿ ಹಿಂದ, ಕಲ್ಲಿನ ಕೆಳಗ.
ನಾಕು ಮಂದಿ ಎಲ್ಲಿ ಅದಾರೋ, ಕ್ರಿಸ್ಮಸ್ಸಿಗೆ ಕಾರ್ಡು ಬರ್ತಾವು.
ಉಳದಾಕಿ ಬಾಯಿ, ಹೊಲಿಗಿ ಟೀಚರು,
ಗದ್ದ್ಯಾಗ ಕಾಲಿಟ್ಟದ್ದು ನಾ ಅಂತೂ ನೋಡಿಲ್ಲ.
ಕೃಷಿ ಕಾರ್ಡಿನಾಗ ಆಕಿ ಫೋಟೊ,
ಕಿವ್ಯಾಗ ಮುತ್ತು.

ರೊಕ್ಕ ಬಂದ್ರ ಬಿಸ್ಕೀಟ ಡಬ್ಬಿ ತಗೀತಾಳ.
ನನಗ ಎರಡು ಪಾಲು, ಆಕಿಗೆ ಒಂದು. ನ್ಯಾಯದಾಕಿ.
ನನ್ನ ಪಾಲಿನಾಗ ಫೋನಿನ ರೀಚಾರ್ಜು ಮುರಕೊಂತಾಳ,
ಫೋನಿಲ್ಲದ ರೊಕ್ಕ ಬರತಿತ್ತೇನು ಅಂತ.
ನಾಯಿದೂ ಮುರಕೋ, ಅದೂ ಓಡ್ಯಾಡೇತಿ, ಅಂದೆ ಒಮ್ಮೆ.
ನಕ್ಕಳು. ಮುರಕೊಂಡ್ಲು, ಒಂದು ಪಾವಿನಷ್ಟು.

ಹೋದ ಜುಲೈ ಅಮಾಸಿ ಭರತಕ್ಕ ಬಾಂಧು ಒಡೀತು.
ಮಾನಸದ ಹಲಗಿ ಕಿತ್ತು ಎಲ್ಲಿ ಹೋತೋ.
ಹನ್ನೊಂದು ದಿನ ನೀರು ನಿಂತು
ಸಸಿ ಹಳದಿ, ಆಮ್ಯಾಲೆ ಕಂದು, ಆಮ್ಯಾಲೆ ಬರೇ ವಾಸನಿ.
ಏಡಿ ಹಿಡಿಯಾಕ ಹುಡುಗರು ಬಂದ್ರು, ಅವರಿಗೆ ಸುಗ್ಗಿ.

ಪರಿಹಾರಕ್ಕ ಅರ್ಜಿ ಹೋತು. ಕೃಷಿ ಆಫೀಸಿನ ವೇಳೀಪ ಸಾಹೇಬ್ರು
ಬೂಟು ಹಾಕ್ಕೊಂಡು ಬಂದು ಬಾಂಧಿನ ಮ್ಯಾಲ ನಿಂತ್ರು.
ಒಳ್ಳೆ ಮನಷಾ. ಚಾ ಬ್ಯಾಡ ಅಂದ್ರು, ನೀರು ಕೇಳಿದ್ರು.
‘ಎಷ್ಟು ಚದರ ಮೀಟರು, ಬಾಯಿ?’
ಬಾಯಿ ನನ್ನ ಮಾರಿ ನೋಡಿದ್ಲು.
ಬಾಂಧಿನಿಂದ ಮಾನಸಕ್ಕ ಇನ್ನೂರ ಹನ್ನೆರಡು ಹೆಜ್ಜಿ, ಅಂದೆ.
ಅಡ್ಡ ತೊಂಬತ್ನಾಕು.
ಬಸರಿದ್ದಾಗ ನೂರಾ ಆರು.
ಸಾಹೇಬ್ರು ಪೆನ್ನು ಎತ್ತಿದವರು ಹಂಗಽ ನಿಂತ್ರು.
ಹೆಜ್ಜಿ ಬರಿಯಾಕ ಫಾರ್ಮಿನಾಗ ಜಾಗ ಇರಲಿಲ್ಲ.

‘ಬೆಳಿಯೋರು ಯಾರು?’
‘ಆಮಿ,’ ಅಂದ್ಲು ಬಾಯಿ. ನಾವು.
ಆ ಮಾತಿನಾಗ ಎಷ್ಟು ಮಂದಿ ಹಿಡಸ್ತಾರ ಅಂತ
ಅವರು ಕೇಳಲಿಲ್ಲ, ಆಕಿ ಹೇಳಲಿಲ್ಲ,
ನಾ ಸೀರಿ ಮ್ಯಾಲೆತ್ತಿ ಸಿಗಿಸಿಕೊಂಡೆ.
ಗೆರಿ ಒಂದಽ ಇತ್ತು.

ಆ ರೊಕ್ಕ ಇನ್ನೂ ಬಂದಿಲ್ಲ.
ಮೊನ್ನೆ ಟಣ್ ಅಂತು, ನಾಯಿ ಓಡಿತು,
ರೇಣುಕಾ ಓದಿದ್ಲು: ಯಾವುದೋ ಅಂಗಡಿ, ಫ್ರಿಜ್ಜಿನ ಮ್ಯಾಲ ರಿಯಾಯಿತಿ.

ಅಳದ ದಿನ ಟೇಪಿನ ಡಬ್ಬಿ ಸಾಹೇಬ್ರ ಕೈಯಾಗ ಇತ್ತು.
ತುದಿ ಹಿಡಕೊಂಡು ನೀರಿಗೆ ಇಳಿದಾಕಿ ನಾ,
ತೊಡಿ ತನಕ, ಮುಂದ ಸೊಂಟ ತನಕ.
‘ಅಲ್ಲೇ ನಿಂದ್ರು, ಸಾಕು,’ ಅಂತ ಕೂಗಿದ್ರು.
ಸಾಕಾಗಿರಲಿಲ್ಲ. ಗದ್ದಿ ಇನ್ನೂ ಮುಂದಿತ್ತು,
ನಾನಽ ಕಟ್ಟಿದ ಬದು ನೀರಾಗ ಕಾಲಿಗೆ ಸಿಗತಿತ್ತು.
‘ಉಳದದ್ದು ಅಂದಾಜು’ ಅಂತ ಬರಕೊಂಡ್ರು.
ಅವರ ಕಡೆ ಮೂವತ್ತು, ಕೆಂಪು ಅಂಕಿ.
ನನ್ನ ಕೈಯಾಗ ಸೊನ್ನಿ.